ಡಿಜಿಟಲ್ ಜಾಲದಿಂದ ಬೆಂಗಳೂರಿನ ಆರ್ಥಿಕತೆ ಎಷ್ಟು ಹಸಿರಾಗುತ್ತದೆ?

ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರಿನ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ತಿನದು. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡ ನೀರು ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರದ ಜಲಾಗಾರಗಳಿಗೆ, ಹೀಗೆ ಮೂರು ಹಂತಗಳಲ್ಲಿ ಪಂಪ್ ಆಗುತ್ತ ಸುಮಾರು 100 ಕಿಲೋಮೀಟರ್ ದೂರ ಸಾಗಿಬರುತ್ತದೆ. ನೆಲದ ಏರು ಮತ್ತು ಕೊಳವೆಯೊಳಗಿನ ಘರ್ಷಣೆ ಎರಡನ್ನೂ ಸೇರಿಸಿದರೆ, ಪಂಪುಗಳು ನೀರನ್ನು ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಎತ್ತಿದಷ್ಟು ಕೆಲಸ ಮಾಡಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು. ಪಂಪು ಮತ್ತು ಮೋಟಾರುಗಳಲ್ಲಿ ಆಗುವ ನಷ್ಟವನ್ನೂ ಹಿಡಿದರೆ ಅದು 2 ಯೂನಿಟ್ಟಿನ ಹತ್ತಿರ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದ ಮೇಲೆ ನಗರಕ್ಕೆ ದಿನಕ್ಕೆ 2,225 ದಶಲಕ್ಷ ಲೀಟರ್ ತರುವ ಸಾಮರ್ಥ್ಯ ಒದಗಿದೆ. ಅದರಲ್ಲಿ ಬರೀ 100 ದಶಲಕ್ಷ ಲೀಟರ್ ಬೀದಿಯ ಕೆಳಗೆ ಸೋರಿಹೋದರೂ, ಆ ನೀರಿನ ಜೊತೆಗೆ ದಿನಕ್ಕೆ ಸುಮಾರು 2 ಲಕ್ಷ ಯೂನಿಟ್ ವಿದ್ಯುತ್ತು ಮಣ್ಣುಪಾಲಾದಂತೆ.

ಆದ್ದರಿಂದ ಬೆಂಗಳೂರಿನಲ್ಲಿ ಸೋರುವ ಕೊಳವೆಯನ್ನು ಪತ್ತೆಹಚ್ಚುವವನು ವಿದ್ಯುತ್ತನ್ನೂ ಉಳಿಸುತ್ತಾನೆ, ಆ ವಿದ್ಯುತ್ತಿನ ಹಿಂದಿರುವ ಕಲ್ಲಿದ್ದಲನ್ನೂ ಉಳಿಸುತ್ತಾನೆ. ನಗರದ ಆರ್ಥಿಕತೆಯ ‘ಹಸಿರು ಪರಿವರ್ತನೆ’ ಎಂದು ಅರ್ಥಶಾಸ್ತ್ರಜ್ಞರು ಕರೆಯುವುದು ಬಹುಮಟ್ಟಿಗೆ ಇಂತಹ ಉಳಿತಾಯಗಳ ಮೊತ್ತವನ್ನೇ: ಅದೇ ಉತ್ಪಾದನೆ, ಅದೇ ಸೌಕರ್ಯ, ಆದರೆ ಕಡಿಮೆ ನೀರು, ಕಡಿಮೆ ಇಂಧನ, ಕಡಿಮೆ ಹೊಗೆ. ಫೈಬರ್ ಕೇಬಲ್, ಮೊಬೈಲ್ ಟವರ್, ಡೇಟಾ ಸೆಂಟರ್, ಸ್ಮಾರ್ಟ್ ಮೀಟರ್, ಕೊಳವೆಗೆ ಜೋಡಿಸಿದ ಸೆನ್ಸರ್, ಬಸ್ಸಿನಲ್ಲಿರುವ ಜಿಪಿಎಸ್ ಮತ್ತು ಇವೆಲ್ಲವನ್ನೂ ಓದುವ ತಂತ್ರಾಂಶ ಸೇರಿದರೆ ಡಿಜಿಟಲ್ ಮೂಲಸೌಕರ್ಯವಾಗುತ್ತದೆ. ಇದು ಬಂದರೆ ನಗರ ತಾನಾಗಿ ಹಸಿರಾಗುತ್ತದೆ ಎಂಬ ನಂಬಿಕೆ ಸರ್ಕಾರಿ ಪ್ರಕಟಣೆಗಳಲ್ಲೂ ಕಂಪನಿಗಳ ವರದಿಗಳಲ್ಲೂ ಧಾರಾಳವಾಗಿದೆ. ಆದರೆ ಈ ಜಾಲ ಸ್ವತಃ ಒಂದು ಹನಿ ನೀರನ್ನೂ ಉಳಿಸುವುದಿಲ್ಲ. ಅದು ಅಳೆಯುತ್ತದೆ, ಅಳೆದದ್ದನ್ನು ಬೇರೆಡೆಗೆ ತಲುಪಿಸುತ್ತದೆ. ಉಳಿತಾಯ ಆಗುವುದು ಆ ಅಳತೆಯನ್ನು ನೋಡಿ ವಾಲ್ವ್ ತಿರುಗಿಸುವ ಅಧಿಕಾರ, ದರ ಬದಲಿಸುವ ನಿಯಮ, ಮಾರ್ಗ ಬದಲಿಸುವ ಇಲಾಖೆ ಇದ್ದಾಗ ಮಾತ್ರ.

ನೀರಿನ ಉದಾಹರಣೆಯಲ್ಲೇ ಇದನ್ನು ಹತ್ತಿರದಿಂದ ನೋಡಬಹುದು. ಸೋರಿಕೆ ಪತ್ತೆಗೆ ಜಲಮಂಡಳಿಗಳು ಜಗತ್ತಿನಾದ್ಯಂತ ಬಳಸುವ ಕ್ರಮವೆಂದರೆ ನಗರವನ್ನು ಕೆಲವು ಸಾವಿರ ಸಂಪರ್ಕಗಳ ಚಿಕ್ಕಚಿಕ್ಕ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ನೀರು ಒಳಬರುವ ಜಾಗದಲ್ಲಿ ಒಂದು ದೊಡ್ಡ ಮೀಟರ್ ಕೂರಿಸುವುದು. ಆ ಮೀಟರ್ ತೋರಿಸುವ ಒಳಹರಿವಿಗೂ ಮನೆಗಳ ಮೀಟರುಗಳ ಒಟ್ಟು ಮೊತ್ತಕ್ಕೂ ಇರುವ ವ್ಯತ್ಯಾಸವೇ ಲೆಕ್ಕಕ್ಕೆ ಸಿಗದ ನೀರು. ಅದರಲ್ಲಿ ಸೋರಿಕೆ ಎಷ್ಟು, ಕಳ್ಳ ಸಂಪರ್ಕ ಎಷ್ಟು, ಕೆಟ್ಟ ಮೀಟರುಗಳ ಪಾಲು ಎಷ್ಟು ಎಂದು ಬಿಡಿಸಲು ಎಂಜಿನಿಯರುಗಳು ನಡುರಾತ್ರಿಯ ಹರಿವನ್ನು ಗಮನಿಸುತ್ತಾರೆ. ರಾತ್ರಿ ಎರಡರಿಂದ ನಾಲ್ಕು ಗಂಟೆಯ ಹೊತ್ತಿನಲ್ಲಿ ಯಾರೂ ನಲ್ಲಿ ತೆರೆಯುವುದಿಲ್ಲವಾದ್ದರಿಂದ ಆಗಲೂ ಮೀಟರ್ ಓಡುತ್ತಿದ್ದರೆ ಅದು ಬಹುತೇಕ ಸೋರಿಕೆಯೇ ಎಂಬುದು ತರ್ಕ. ಸೆನ್ಸರ್ ಈ ಅಂಕಿಯನ್ನು ಕಂಟ್ರೋಲ್ ರೂಮಿಗೆ ತಾನಾಗಿ ಕಳಿಸುತ್ತದೆ. ಮೊದಲಾದರೆ ಯಾರಾದರೂ ಟಾರ್ಚ್ ಹಿಡಿದು ಹೋಗಿ ಮೀಟರ್ ಓದಬೇಕಿತ್ತು.

ಈ ತರ್ಕ ಬೆಂಗಳೂರಿಗೆ ಬಂದಾಗ ಸ್ವಲ್ಪ ಎಡವುತ್ತದೆ. ಇಲ್ಲಿ ನೀರು ದಿನದ 24 ಗಂಟೆ ಬರುವುದಿಲ್ಲ. ದಿನ ಬಿಟ್ಟು ದಿನ, ಕೆಲವು ಗಂಟೆಗಳ ಕಾಲ ಬರುತ್ತದೆ. ಬಂದ ನೀರನ್ನು ಪ್ರತಿ ಮನೆಯೂ ಸಂಪಿನಲ್ಲಿ ತುಂಬಿಸಿಕೊಳ್ಳುತ್ತದೆ. ನಡುರಾತ್ರಿ ನೀರು ಬಿಟ್ಟರೆ ನಡುರಾತ್ರಿಯೇ ಸಂಪುಗಳು ತುಂಬುತ್ತವೆ. ಹಾಗಾಗಿ ರಾತ್ರಿಯ ಹರಿವು ಎಂದರೆ ಸೋರಿಕೆ ಎಂಬ ಸಮೀಕರಣ ಇಲ್ಲಿ ನೇರವಾಗಿ ನಿಲ್ಲುವುದಿಲ್ಲ. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಟ್ಟಿದ್ದಾರೆ ಎಂಬುದು ತಿಳಿಯದೆ ಸೆನ್ಸರಿನ ಅಂಕಿಗೆ ಅರ್ಥವಿಲ್ಲ. ಅದು ಗೊತ್ತಿರುವುದು ಉದ್ದನೆಯ ಕೀ ಹಿಡಿದು ಬೀದಿಬೀದಿಯ ವಾಲ್ವ್ ತಿರುಗಿಸುವ ವಾಲ್ವ್‌ಮನ್‌ಗೆ. ಅವನ ವೇಳಾಪಟ್ಟಿ ಸೆನ್ಸರಿನ ದಾಖಲೆಯ ಪಕ್ಕದಲ್ಲೇ ಕೂರುವಂತೆ ಮಾಡದಿದ್ದರೆ ಕಂಟ್ರೋಲ್ ರೂಮಿನ ಪರದೆಯ ಮೇಲಿನ ಗೆರೆಗಳು ನೋಡಲು ಚೆಂದ, ಅಷ್ಟೇ. ನಗರದ ಡಿಜಿಟಲ್ ಯೋಜನೆಗಳ ಕಡತಗಳಲ್ಲಿ ಉಪಕರಣಗಳ ಪಟ್ಟಿಗೆ ಸಿಗುವಷ್ಟು ಜಾಗ ಈ ಬಗೆಯ ಮನುಷ್ಯರ ತಿಳಿವಳಿಕೆಗೆ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ಈಗ ಒಂದು ನೀರಿನ ವಲಯದಿಂದ ಇಡೀ ನಗರದ ಆರ್ಥಿಕತೆಗೆ ಬರೋಣ. ಯಾವುದೇ ಆರ್ಥಿಕ ಬದಲಾವಣೆ ಪರಿಸರದ ಮೇಲೆ ಬೀರುವ ಪರಿಣಾಮವನ್ನು ಅರ್ಥಶಾಸ್ತ್ರದಲ್ಲಿ ಮೂರು ಎಳೆಗಳಾಗಿ ಬಿಡಿಸಿ ನೋಡುವ ರೂಢಿಯಿದೆ. ಒಂದು, ವಿಧಾನದ ಪರಿಣಾಮ: ಅದೇ ಕೆಲಸವನ್ನು ಕಡಿಮೆ ಸಂಪನ್ಮೂಲದಲ್ಲಿ ಮಾಡುವುದು, ಮೇಲೆ ಹೇಳಿದ ಸೋರಿಕೆಯ ಪತ್ತೆ ಈ ಬಗೆಯದು. ಇನ್ನೊಂದು, ರಚನೆಯ ಪರಿಣಾಮ: ನಗರ ಮಾಡುವ ಕೆಲಸದ ಸ್ವರೂಪವೇ ಬದಲಾಗಿ, ಹೊಗೆ ಹೆಚ್ಚಿರುವ ಉದ್ಯಮಗಳ ಜಾಗಕ್ಕೆ ಹೊಗೆ ಕಡಿಮೆಯಿರುವ ಉದ್ಯಮಗಳು ಬರುವುದು. ಮೂರನೆಯದು ಗಾತ್ರದ ಪರಿಣಾಮ: ಆರ್ಥಿಕತೆಯೇ ಹಿಗ್ಗಿ, ಪ್ರತಿ ರೂಪಾಯಿಗೆ ತಗಲುವ ಇಂಧನ ಇಳಿದರೂ ಒಟ್ಟು ಇಂಧನ ಏರುವುದು. ಡಿಜಿಟಲ್ ಮೂಲಸೌಕರ್ಯ ಈ ಮೂರನ್ನೂ ಒಟ್ಟಿಗೆ ಕದಲಿಸುತ್ತದೆ. ಮೊದಲೆರಡು ಒಂದು ದಿಕ್ಕಿಗೆ, ಮೂರನೆಯದು ಎದುರು ದಿಕ್ಕಿಗೆ ಎಳೆಯುವುದರಿಂದ ಫಲಿತಾಂಶ ಏನೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ.

ರಚನೆಯ ಪರಿಣಾಮಕ್ಕೆ ಬೆಂಗಳೂರಿಗಿಂತ ಸ್ಪಷ್ಟವಾದ ನಿದರ್ಶನ ಭಾರತದಲ್ಲಿ ಸಿಗುವುದು ಕಷ್ಟ. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಈ ಕಾರ್ಖಾನೆಗಳ ನಗರವಾಗಿದ್ದ ಇದು ತಂತ್ರಾಂಶದ ನಗರವಾಗಲು ಶುರುವಾದದ್ದು 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು ತನ್ನದೇ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಕೆಲಸವನ್ನು ರವಾನಿಸತೊಡಗಿದಾಗ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಎಂಬ ಸರ್ಕಾರಿ ಸಂಸ್ಥೆ ಸ್ಥಾಪನೆಯಾದ ಮೇಲೆ ಸಣ್ಣ ಕಂಪನಿಗಳಿಗೂ ಉಪಗ್ರಹ ಸಂಪರ್ಕ ಬಾಡಿಗೆಗೆ ಸಿಗುವಂತಾಯಿತು. ಬಂದರಿಲ್ಲದ, ನದಿಯಿಲ್ಲದ, ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರೊಂದು ಸರಕು ಸಾಗಿಸದೆಯೇ ರಫ್ತು ಮಾಡುವುದು ಹೀಗೆ ಸಾಧ್ಯವಾಯಿತು. ಒಂದು ಕೋಟಿ ರೂಪಾಯಿಯ ತಂತ್ರಾಂಶಕ್ಕೆ ತಗಲುವ ಇಂಧನ, ಅಷ್ಟೇ ಬೆಲೆಯ ಉಕ್ಕು ಅಥವಾ ಸಿಮೆಂಟಿಗೆ ತಗಲುವ ಇಂಧನದ ಒಂದು ಸಣ್ಣ ಭಾಗ. ಕಾಗದದ ಮೇಲೆ ಇದು ಅಚ್ಚ ಹಸಿರು ಪರಿವರ್ತನೆ.

ಆದರೆ ಅದೇ ಸಂಪಾದನೆ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಾಗಿ, ಅವುಗಳನ್ನು ತಂಪಾಗಿಡುವ ಎಸಿಗಳಾಗಿ, ಕೆರೆಯಂಗಳದ ಬಡಾವಣೆಗಳಾಗಿ ಮರುಜನ್ಮ ಪಡೆಯಿತು. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು. ಕಟ್ಟಡಗಳಿಗೆ ಬೇಕಾದ ಉಕ್ಕು ಬಳ್ಳಾರಿಯಲ್ಲೂ ಸಿಮೆಂಟು ಕಲಬುರಗಿಯಲ್ಲೂ ತಯಾರಾಗುವುದರಿಂದ ಆ ಹೊಗೆ ಬೆಂಗಳೂರಿನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಸೇವಾ ಆರ್ಥಿಕತೆ ಹಸಿರು ಎನ್ನುವವರು ಹೆಚ್ಚಾಗಿ ಈ ಗಡಿಯೊಳಗಿನ ಲೆಕ್ಕವನ್ನು ಮಾತ್ರ ತೋರಿಸುತ್ತಾರೆ.

ಹಾಗಾದರೆ ಒಟ್ಟು ಪರಿಣಾಮವನ್ನು ಯಾರಾದರೂ ಅಳೆದಿದ್ದಾರೆಯೇ? ಈ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನಗಳು ಬಂದಿರುವುದು ಚೀನಾದಿಂದ, ಅದಕ್ಕೊಂದು ಕಾರಣವಿದೆ. ಅಲ್ಲಿನ ಸರ್ಕಾರ 2013ರ ಆಗಸ್ಟಿನಲ್ಲಿ ‘ಬ್ರಾಡ್‌ಬ್ಯಾಂಡ್ ಚೀನಾ’ ಎಂಬ ಕಾರ್ಯನೀತಿಯನ್ನು ಪ್ರಕಟಿಸಿ, 2014, 2015 ಮತ್ತು 2016ರಲ್ಲಿ ಮೂರು ಕಂತುಗಳಲ್ಲಿ ನೂರಕ್ಕೂ ಹೆಚ್ಚು ನಗರಗಳನ್ನು ಪ್ರಾಯೋಗಿಕವಾಗಿ ಆರಿಸಿತು. ಆಯ್ಕೆಯಾದ ನಗರಗಳಲ್ಲಿ ಫೈಬರ್ ಜಾಲ ಬೇಗ ಹರಡಿತು, ಉಳಿದವುಗಳಲ್ಲಿ ತಡವಾಗಿ. ಸಂಶೋಧಕರಿಗೆ ಇದು ಕೈಗೆ ಸಿಕ್ಕ ಪ್ರಯೋಗಶಾಲೆಯಾಯಿತು. ಆಯ್ಕೆಯಾದ ನಗರಗಳು ಮೊದಲು ಹೇಗಿದ್ದವು, ಆಮೇಲೆ ಹೇಗಾದವು, ಅದೇ ಅವಧಿಯಲ್ಲಿ ಆಯ್ಕೆಯಾಗದವು ಎಷ್ಟು ಬದಲಾದವು ಎಂದು ಹೋಲಿಸಿ, ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸವನ್ನು ಜಾಲದ ಪರಿಣಾಮವೆಂದು ಓದಬಹುದು. ಅವರು ಅಳೆದದ್ದು ಹೆಚ್ಚಾಗಿ ‘ಹಸಿರು ಉತ್ಪಾದಕತೆ’ಯನ್ನು, ಅಂದರೆ ನಗರವೊಂದು ತನ್ನ ದುಡಿಮೆ, ಬಂಡವಾಳ ಮತ್ತು ಇಂಧನದಿಂದ ಎಷ್ಟು ಹೆಚ್ಚು ಉತ್ಪಾದಿಸುತ್ತ ಎಷ್ಟು ಕಡಿಮೆ ಮಲಿನ ಮಾಡುತ್ತದೆ ಎಂಬ ಸೂಚ್ಯಂಕವನ್ನು. ಬಹುಪಾಲು ಅಧ್ಯಯನಗಳು ಜಾಲ ಬಂದ ನಗರಗಳಲ್ಲಿ ಈ ಉತ್ಪಾದಕತೆ ಏರಿದೆ ಎನ್ನುತ್ತವೆ. ಏರಿಕೆ ದೊಡ್ಡ ನಗರಗಳಲ್ಲಿ, ಓದಿದ ಕೆಲಸಗಾರರು ಹೆಚ್ಚಿರುವಲ್ಲಿ ಎದ್ದು ಕಾಣುತ್ತದೆ. ಗಣಿಗಾರಿಕೆಯನ್ನೇ ನೆಚ್ಚಿದ ಊರುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಈ ಫಲಿತಾಂಶವನ್ನು ತುಸು ಎಚ್ಚರದಿಂದ ಓದಬೇಕು. ನಗರಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ. ಸಿದ್ಧತೆ ಚೆನ್ನಾಗಿದ್ದವುಗಳಿಗೆ ಮೊದಲು ಅವಕಾಶ ಸಿಕ್ಕಿತು. ಅದೇ ವರ್ಷಗಳಲ್ಲಿ ಚೀನಾ ವಾಯುಮಾಲಿನ್ಯದ ವಿರುದ್ಧ ಕಟ್ಟುನಿಟ್ಟಿನ ಕ್ರಮಗಳನ್ನೂ ಜಾರಿಗೆ ತಂದಿತ್ತು, ಆದ್ದರಿಂದ ಯಾವುದರ ಫಲ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಹೊಗೆಯುಗುಳುವ ಕಾರ್ಖಾನೆ ಪಕ್ಕದ ಜಿಲ್ಲೆಗೆ ಎತ್ತಂಗಡಿಯಾದರೂ ನಗರದ ಸೂಚ್ಯಂಕ ಸುಧಾರಿಸುತ್ತದೆ; ಆಕಾಶಕ್ಕೆ ಮಾತ್ರ ಏನೂ ವ್ಯತ್ಯಾಸವಿಲ್ಲ. ಇಷ್ಟಾದರೂ ಈ ಅಧ್ಯಯನಗಳಿಂದ ಒಂದು ಮಾತನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು: ಕೇಬಲ್ ಒಂದೇ ಆದರೂ ಫಲ ಊರಿಂದ ಊರಿಗೆ ಬೇರೆಯಾಗುತ್ತದೆ, ಆ ಬೇರೆತನವನ್ನು ನಿರ್ಧರಿಸುವುದು ಕೇಬಲ್ಲಿನ ಆಚೆಗಿರುವ ಸಂಗತಿಗಳು.

ಕರ್ನಾಟಕದ ಮಟ್ಟಿಗೆ ಅಂತಹ ಸಂಗತಿಗಳಲ್ಲಿ ಮುಖ್ಯವಾದದ್ದು ವಿದ್ಯುತ್ತಿನ ಹೊತ್ತು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕನ್ನೂ ಸೇರಿಸಿ ರಾಜ್ಯದಲ್ಲಿ ಸೌರ ವಿದ್ಯುತ್ ಸಾಮರ್ಥ್ಯ ಕಳೆದ ದಶಕದಲ್ಲಿ ಭಾರಿಯಾಗಿ ಬೆಳೆದಿದೆ. ಬಿಸಿಲು ಏರಿದ ಹೊತ್ತಿನಲ್ಲಿ ಗ್ರಿಡ್ಡಿಗೆ ಸಾಕಷ್ಟು ಸೌರಶಕ್ತಿ ಹರಿಯುತ್ತದೆ. ಸಂಜೆ ಆರರ ಮೇಲೆ ಅದು ಸೊನ್ನೆ. ಆಗ ಶರಾವತಿಯ ಜಲವಿದ್ಯುತ್ತು ಮತ್ತು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಘಟಕಗಳು ಭಾರ ಹೊರಬೇಕು. ಅಂದರೆ ಬೆಂಗಳೂರಿನ ಮನೆಯೊಂದರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಉರಿದ ಒಂದು ಯೂನಿಟ್ಟಿಗೂ ರಾತ್ರಿ ಎಂಟಕ್ಕೆ ಉರಿದ ಒಂದು ಯೂನಿಟ್ಟಿಗೂ ಹೊಗೆಯ ಲೆಕ್ಕದಲ್ಲಿ ಅಜಗಜಾಂತರ. ಹಳೆಯ ಮೀಟರಿಗೆ ಈ ವ್ಯತ್ಯಾಸ ತಿಳಿಯದು. ಅದು ತಿಂಗಳ ಕೊನೆಗೆ ಒಂದೇ ಮೊತ್ತ ಹೇಳುತ್ತದೆ. ಸ್ಮಾರ್ಟ್ ಮೀಟರ್ ಹೊತ್ತುಹೊತ್ತಿನ ಬಳಕೆಯನ್ನು ಬರೆದಿಡುತ್ತದೆ. ಬಳಕೆಯನ್ನು ಬಿಸಿಲಿನ ಹೊತ್ತಿಗೆ ಸರಿಸಬಹುದಾದಷ್ಟು ಸರಿಸಿದರೆ ಸಂಜೆಗೆಂದು ಕಟ್ಟಬೇಕಾದ ಘಟಕಗಳೂ ಸಂಗ್ರಹಾಗಾರಗಳೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತವೆ. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ (ವಿದ್ಯುತ್ ಮಿಗುವಾಗ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಗಾಗಿ ಕಾಡು ಕಡಿಯುವ ವಾದವಿವಾದ ನಡೆದಿರುವಾಗ, ನಗರದ ಬಳಕೆಯ ಹೊತ್ತನ್ನು ಎಷ್ಟು ಸರಿಸಬಹುದು ಎಂಬ ಪ್ರಶ್ನೆಯೂ ಆ ಚರ್ಚೆಯೊಳಗೇ ಬರಬೇಕಿತ್ತು ಎಂದು ನನಗನ್ನಿಸುತ್ತದೆ.

ದರದ ನಿಯಮ ಬದಲಾಗದೆ ಈ ಸರಿಸುವಿಕೆ ನಡೆಯದು. ದಶಕಗಳ ಕಾಲ ಕರ್ನಾಟಕದ ಕಾರ್ಖಾನೆಗಳಿಗೆ ರಾತ್ರಿಯ ವಿದ್ಯುತ್ತೇ ಅಗ್ಗವಾಗಿತ್ತು, ಏಕೆಂದರೆ ಆಗ ರಾತ್ರಿ ಬೇಡಿಕೆ ಕುಸಿದು ವಿದ್ಯುತ್ ಮಿಗುತ್ತಿತ್ತು. ಈಗ ಮಿಗುವ ಸಂಭವ ಇರುವುದು ಹಗಲಿನಲ್ಲಿ. ಕೇಂದ್ರ ಸರ್ಕಾರ 2023ರ ಜೂನಿನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಶೇ 10ರಿಂದ 20ರಷ್ಟು ಕಡಿಮೆ ಇರಬೇಕು, ಬೇಡಿಕೆ ಏರುವ ಹೊತ್ತಿನ ದರ ಶೇ 10ರಿಂದ 20ರಷ್ಟು ಹೆಚ್ಚಿರಬೇಕು ಎಂದು ಸೂಚಿಸಿತು. 10 ಕಿಲೋವ್ಯಾಟ್ ಮೀರಿದ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ, ಕೃಷಿಯನ್ನು ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರಿಂದ ಅನ್ವಯಿಸಬೇಕೆಂಬುದು ಅದರ ಗಡುವಾಗಿತ್ತು. ನಿಜವಾದ ದರವನ್ನು ಗೊತ್ತುಮಾಡುವುದು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಹೊತ್ತಿಗೆ ತಕ್ಕ ದರ ಇಲ್ಲದೆ ಬರೀ ಸ್ಮಾರ್ಟ್ ಮೀಟರ್ ಹಾಕಿದರೆ ಅದು ವಿದ್ಯುತ್ ಕಂಪನಿಗೆ ಮೀಟರ್ ರೀಡರನ ಸಂಬಳವನ್ನು ಉಳಿಸಬಹುದು, ಕಲ್ಲಿದ್ದಲನ್ನು ಉಳಿಸುವುದಿಲ್ಲ. ಗ್ರಾಹಕ ಮೀಟರಿನ ಬೆಲೆ ತಾನೇಕೆ ಕೊಡಬೇಕು ಎಂದು ಕೇಳುವುದು ಈ ಕಾರಣಕ್ಕೆ ಸಹಜ.

ಇನ್ನೊಂದು ತೊಡಕಿದೆ. 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್ ಮಿತಿಯೊಳಗೆ ಬಳಸುವ ಮನೆಗಳಿಗೆ ಅವರವರ ಸರಾಸರಿಗೆ ತಕ್ಕಂತೆ ಶೂನ್ಯ ಬಿಲ್ ಬರುತ್ತದೆ. ಬಡ ಮನೆಗಳಿಗೆ ಇದರಿಂದಾದ ಅನುಕೂಲವನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಬಿಲ್ಲೇ ಸೊನ್ನೆಯಾದ ಮನೆಗೆ ಮಧ್ಯಾಹ್ನದ ರಿಯಾಯಿತಿ ಆಕರ್ಷಣೆಯಾಗುವುದಿಲ್ಲ. ಆದ್ದರಿಂದ ಮೊದಲು ಸ್ಮಾರ್ಟ್ ಮೀಟರಿನ ಫಲವನ್ನು ನಿರೀಕ್ಷಿಸಬೇಕಾದದ್ದು ಮನೆಗಳಲ್ಲಲ್ಲ. ಮಾಲ್‌ಗಳಲ್ಲಿ, ಟೆಕ್ ಪಾರ್ಕುಗಳಲ್ಲಿ, ಕೋಲ್ಡ್ ಸ್ಟೋರೇಜುಗಳಲ್ಲಿ ಮತ್ತು ಜಲಮಂಡಳಿಯ ಪಂಪ್‌ಹೌಸುಗಳಲ್ಲಿ. ತಾತಗುಣಿಯ ಪಂಪು ಹಗಲು ಹೆಚ್ಚು, ಸಂಜೆ ಕಡಿಮೆ ಓಡಿ ನಡುವಿನ ಅಂತರವನ್ನು ಜಲಾಗಾರಗಳು ತುಂಬಿಕೊಡುವಂತಾದರೆ, ಲಕ್ಷಾಂತರ ಮನೆಗಳ ಮಿಕ್ಸಿ, ವಾಷಿಂಗ್ ಮೆಷಿನ್ನುಗಳ ವೇಳೆ ಬದಲಿಸುವುದಕ್ಕಿಂತ ಅದು ಸುಲಭ. ಅದಕ್ಕೆ ಬೇಕಾದ ಜಲಾಗಾರಗಳ ಸಾಮರ್ಥ್ಯ ಇದೆಯೇ ಎಂಬುದು ಸಿವಿಲ್ ಎಂಜಿನಿಯರುಗಳು ಉತ್ತರಿಸಬೇಕಾದ ಪ್ರಶ್ನೆ.

ಬಿಎಂಟಿಸಿಯ ವಿದ್ಯುತ್ ಬಸ್ಸುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ, ದೇಶದಲ್ಲೇ ಮೊದಲು ತಂದ ರಾಜ್ಯ ಕರ್ನಾಟಕ. ಬಸ್ಸಿನ ಹಿಂದೆ ಕಪ್ಪು ಹೊಗೆ ಕಾಣದಿರುವುದು ಬೀದಿಯಲ್ಲಿ ಉಸಿರಾಡುವವರಿಗೆ ನೇರ ಲಾಭ. ಆದರೆ ಬಸ್ಸುಗಳು ಡಿಪೋಗೆ ಮರಳುವುದು ರಾತ್ರಿ, ಆಗ ಗ್ರಿಡ್ಡಿನಲ್ಲಿ ಬಿಸಿಲಿಲ್ಲ. ಬೆಳಗಿನ ದಟ್ಟಣೆ ಮುಗಿದು ಸಂಜೆಯ ದಟ್ಟಣೆ ಶುರುವಾಗುವ ನಡುವಿನ ಬಿಡುವಿನಲ್ಲಿ, ಹನ್ನೊಂದರಿಂದ ಮೂರರೊಳಗೆ, ಯಾವ ಬಸ್ಸು ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ಚಾರ್ಜ್ ಆಗಬೇಕು ಎಂದು ಹೊಂದಿಸುವುದು ತಂತ್ರಾಂಶ ಚೆನ್ನಾಗಿ ಮಾಡಬಲ್ಲ ಕೆಲಸ. ಪ್ರಯಾಣಿಕರ ಸಂಖ್ಯೆ, ಬ್ಯಾಟರಿಯ ಮಟ್ಟ, ಗ್ರಿಡ್ಡಿನ ಸ್ಥಿತಿ ಮೂರನ್ನೂ ಒಟ್ಟಿಗೆ ನೋಡಬಲ್ಲ ಒಬ್ಬರ ಕೈಯಲ್ಲಿ ಮಾಹಿತಿ ಇರಬೇಕು, ಅಷ್ಟೇ.

ಸಂಚಾರದ ಸಿಗ್ನಲ್‌ಗಳ ಕತೆ ಇದಕ್ಕಿಂತ ಸಂಕೀರ್ಣ. ವಾಹನಗಳ ಸಾಲನ್ನು ಕ್ಯಾಮೆರಾ ಅಥವಾ ಸೆನ್ಸರಿನಿಂದ ಗ್ರಹಿಸಿ ಹಸಿರು ದೀಪದ ಅವಧಿಯನ್ನು ತಾವೇ ಬದಲಿಸಿಕೊಳ್ಳುವ ಸಿಗ್ನಲ್‌ಗಳು ಬೆಂಗಳೂರಿನ ಹಲವು ವೃತ್ತಗಳಿಗೆ ಬಂದಿವೆ. ಫೋನುಗಳಿಂದ ಸಿಗುವ ಸಂಚಾರ ಮಾಹಿತಿಯನ್ನು ಬಳಸಿ ಸಿಗ್ನಲ್ ವೇಳೆಯನ್ನು ಸೂಚಿಸುವ ಗೂಗಲ್‌ನ ‘ಗ್ರೀನ್ ಲೈಟ್’ ಯೋಜನೆಯಲ್ಲೂ ಬೆಂಗಳೂರು ಇದೆ. ವಾಹನಗಳು ನಿಂತು ಹೊರಡುವ ಸಲಗಳು ಶೇ 30ರವರೆಗೆ, ವೃತ್ತಗಳಲ್ಲಿನ ಹೊಗೆ ಶೇ 10ರವರೆಗೆ ತಗ್ಗಬಹುದು ಎಂದು 2023ರಲ್ಲಿ ಆ ಕಂಪನಿಯೇ ಹೇಳಿಕೊಂಡಿತ್ತು. ‘ವರೆಗೆ’ ಎಂಬ ಪದವನ್ನು ಓದುಗರು ಗಮನಿಸಬೇಕು. ಇರಲಿ, ಅಷ್ಟು ಉಳಿತಾಯ ನಿಜವಾಗಿಯೂ ಆಯಿತು ಎಂದೇ ಇಟ್ಟುಕೊಳ್ಳೋಣ. ರಸ್ತೆ ಸಲೀಸಾದ ಸುದ್ದಿ ನಕ್ಷೆಯ ಆ್ಯಪಿನಲ್ಲಿ ಕಂಡ ಕೂಡಲೇ ಮೆಟ್ರೊದಲ್ಲಿ ಹೋಗುತ್ತಿದ್ದ ಕೆಲವರು ಕಾರು ತೆಗೆಯುತ್ತಾರೆ. ದಕ್ಷತೆ ಹೆಚ್ಚಿದಂತೆ ಬಳಕೆ ಹೆಚ್ಚುವ ಈ ಮರುಪರಿಣಾಮವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಷ್ಟು ಹಿಂದೆಯೇ ಬ್ರಿಟನ್ನಿನ ಕಲ್ಲಿದ್ದಲಿನ ವಿಷಯದಲ್ಲಿ ವಿವರಿಸಿದ್ದ. ಸ್ಯಾನ್ ಫ್ರಾನ್ಸಿಸ್ಕೊದ ಸಾರಿಗೆ ಪ್ರಾಧಿಕಾರ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ನಗರದಲ್ಲಿ 2010ರಿಂದ 2016ರ ನಡುವೆ ಹೆಚ್ಚಿದ ದಟ್ಟಣೆಯಲ್ಲಿ ಅರ್ಧದಷ್ಟಕ್ಕೆ ಆ್ಯಪ್ ಟ್ಯಾಕ್ಸಿಗಳೇ ಕಾರಣವಾಗಿದ್ದವು. ಟ್ಯಾಕ್ಸಿ ಹಂಚಿಕೊಂಡು ಜನ ಸ್ವಂತ ಕಾರನ್ನು ಬಿಡುತ್ತಾರೆ ಎಂಬುದು ಆರಂಭದ ಭರವಸೆಯಾಗಿತ್ತು. ಪಾರ್ಕಿಂಗ್ ಶುಲ್ಕ, ಬಸ್ಸಿಗೆ ಪ್ರತ್ಯೇಕ ಪಥದಂತಹ, ತಂತ್ರಾಂಶವಲ್ಲದ ನಿರ್ಧಾರಗಳು ಜೊತೆಗಿಲ್ಲದೆ ಸಿಗ್ನಲ್ ಎಷ್ಟೇ ಜಾಣವಾದರೂ ಹೊಗೆ ಇಳಿಯುತ್ತದೆಂದು ನಂಬಲು ಕಾರಣವಿಲ್ಲ.

ಬಸ್ಸಿನ ವಿಷಯಕ್ಕೆ ಮರಳಿದರೆ ಅಲ್ಲೊಂದು ಮಾಹಿತಿಯ ನಿಧಿ ಬಳಕೆಗೆ ಕಾದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ನಿರ್ವಾಹಕರು ಯಂತ್ರದಿಂದ ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ, ಏಕೆಂದರೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಲೆಕ್ಕದ ಮೇಲೆಯೇ. ಹತ್ತಿದ್ದೆಲ್ಲಿ, ಇಳಿಯುವುದೆಲ್ಲಿ, ಎಷ್ಟು ಹೊತ್ತಿಗೆ ಎಂಬ ವಿವರ ಹೀಗೆ ಪ್ರತಿದಿನ ದಾಖಲಾಗುತ್ತಿದೆ. ಪೀಣ್ಯದ ಗಾರ್ಮೆಂಟ್ಸ್ ಕೆಲಸಗಾರ್ತಿ, ಎರಡು ಬಡಾವಣೆಗಳ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಮಹಿಳೆ ಯಾವ ಹೊತ್ತಿನಲ್ಲಿ ಯಾವ ಕಡೆಗೆ ಓಡಾಡುತ್ತಾರೆ ಎಂಬ ಚಿತ್ರ ಸ್ಮಾರ್ಟ್‌ಫೋನ್ ಆ್ಯಪುಗಳ ಮಾಹಿತಿಯಲ್ಲಿ ಸರಿಯಾಗಿ ಮೂಡುವುದಿಲ್ಲ. ಶೂನ್ಯ ಟಿಕೆಟಿನಲ್ಲಿ ಮೂಡುತ್ತದೆ. ಮಾರ್ಗಗಳನ್ನು ಮರುಜೋಡಿಸಲು ಇದಕ್ಕಿಂತ ಒಳ್ಳೆಯ ಆಧಾರ ಸಿಗದು. ಯಾವುದೇ ಹೊಸ ಸೆನ್ಸರಿಗೆ ಟೆಂಡರ್ ಕರೆಯುವ ಮುಂಚೆ ಈ ದತ್ತಾಂಶವನ್ನು ಕೂಲಂಕಷವಾಗಿ ಓದುವುದು ಒಳ್ಳೆಯದು.

ಇಷ್ಟು ಹೊತ್ತು ಜಾಲ ಏನನ್ನು ಉಳಿಸಬಹುದು ಎಂದು ನೋಡಿದೆವು. ಜಾಲ ತಾನೇ ಎಷ್ಟು ತಿನ್ನುತ್ತದೆ? ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ಅಂದಾಜಿನಂತೆ, ಡೇಟಾ ಸೆಂಟರುಗಳು 2024ರಲ್ಲಿ ಸುಮಾರು 415 ಶತಕೋಟಿ ಯೂನಿಟ್ ವಿದ್ಯುತ್ ಬಳಸಿದವು. ಇದು ಜಗತ್ತಿನ ಒಟ್ಟು ಬಳಕೆಯ ಶೇ 1.5ರಷ್ಟು. 2030ರ ಹೊತ್ತಿಗೆ ಅದು 945 ಶತಕೋಟಿ ಯೂನಿಟ್ ಆಗಬಹುದು. ಶೇ 1.5 ಎಂದರೆ ಸಣ್ಣದು ಎನಿಸಬಹುದು, ಆದರೆ ಡೇಟಾ ಸೆಂಟರುಗಳು ಜಗತ್ತಿನ ಮೇಲೆ ಸಮನಾಗಿ ಹರಡಿಕೊಂಡಿಲ್ಲ. ಕೆಲವೇ ನಗರಗಳ ಸುತ್ತ ಗುಂಪುಗೂಡಿವೆ. ಐರ್ಲೆಂಡಿನಲ್ಲಿ 2015ರಲ್ಲಿ ದೇಶದ ವಿದ್ಯುತ್ತಿನ ಶೇ 5ರಷ್ಟನ್ನು ಬಳಸುತ್ತಿದ್ದ ಡೇಟಾ ಸೆಂಟರುಗಳು 2023ರಲ್ಲಿ ಶೇ 21ರಷ್ಟನ್ನು ಬಳಸಿದವು. ಅಲ್ಲಿನ ನಗರವಾಸಿಗಳ ಮನೆಗಳೆಲ್ಲ ಸೇರಿ ಬಳಸಿದ್ದಕ್ಕಿಂತ ಇದು ಹೆಚ್ಚು. ಡಬ್ಲಿನ್ ಸುತ್ತಮುತ್ತ ಹೊಸ ಸಂಪರ್ಕ ಕೊಡಲು ಗ್ರಿಡ್ ಸಂಸ್ಥೆ ಹಿಂಜರಿಯುವ ಸ್ಥಿತಿ ಬಂತು. ಸಿಂಗಪುರ 2019ರಿಂದ ಸುಮಾರು ಮೂರು ವರ್ಷ ಹೊಸ ಡೇಟಾ ಸೆಂಟರುಗಳಿಗೆ ತಡೆ ಹಾಕಿತ್ತು. ಭಾರತದಲ್ಲಿ ಇವುಗಳ ದಟ್ಟಣೆ ಸಮುದ್ರದಡಿಯ ಕೇಬಲ್ಲುಗಳು ದಡ ಸೇರುವ ಮುಂಬೈ, ಚೆನ್ನೈಗಳಲ್ಲಿ ಹೆಚ್ಚು. ಬೆಂಗಳೂರಿನಲ್ಲಿ ಕುಳಿತವರು ಬಳಸುವ ಸೇವೆಗಳ ಹೊಗೆಯ ಒಂದು ಪಾಲು ಹಾಗಾಗಿ ನವಿ ಮುಂಬೈಯ ಲೆಕ್ಕಕ್ಕೆ ಹೋಗುತ್ತದೆ. ಸರ್ವರುಗಳನ್ನು ತಂಪಾಗಿಡಲು ನೀರು ಆವಿಮಾಡುವ ಪದ್ಧತಿ ಇನ್ನೂ ಚಾಲ್ತಿಯಲ್ಲಿರುವಾಗ, 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಗಿ ಬಂದ ನಗರದಲ್ಲಿ ದೊಡ್ಡ ಡೇಟಾ ಸೆಂಟರ್ ಕಟ್ಟುವ ಮುನ್ನ ಅದಕ್ಕೆ ಸಂಸ್ಕರಿಸಿದ ಕೊಳಚೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು.

ಬೆಂಗಳೂರಿಗರಿಗೆ ಡಿಜಿಟಲ್ ಮೂಲಸೌಕರ್ಯ ಅತಿ ಹತ್ತಿರದಿಂದ ಕಾಣುವುದು ಬೇರೊಂದು ರೂಪದಲ್ಲಿ: ರಸ್ತೆಬದಿಯ ಮರಗಳಿಗೆ ಸುತ್ತಿಕೊಂಡು ನೇತಾಡುವ ಆಪ್ಟಿಕಲ್ ಫೈಬರ್ (ಓಎಫ್‌ಸಿ) ಕೇಬಲ್ಲಾಗಿ, ಮೊನ್ನೆ ಡಾಂಬರು ಹಾಕಿದ ರಸ್ತೆಯನ್ನು ಇಂದು ಅಗೆಯುವ ಯಂತ್ರವಾಗಿ. ನೆಲದಡಿ ಅಡ್ಡಕ್ಕೆ ಕೊರೆದು ಕೇಬಲ್ ತೂರಿಸುವಾಗ ನೀರಿನ ಕೊಳವೆಯನ್ನೋ ಒಳಚರಂಡಿಯನ್ನೋ ತೂತು ಮಾಡಿದ ಪ್ರಸಂಗಗಳು ನಗರದ ಹಲವು ಭಾಗಗಳಲ್ಲಿ ನಡೆದಿವೆ. ಸೋರಿಕೆ ಪತ್ತೆಹಚ್ಚುವ ಸೆನ್ಸರಿಗೆ ಸಂಪರ್ಕ ಕೊಡಬೇಕಾದ ಕೇಬಲ್ಲೇ ಸೋರಿಕೆಯನ್ನು ಉಂಟುಮಾಡುವುದು ವಿಪರ್ಯಾಸವಾದರೂ ಬೆಂಗಳೂರಿನಲ್ಲಿ ಯಾರಿಗೂ ಅಚ್ಚರಿಯಲ್ಲ. ಇದಕ್ಕೆ ಪರಿಹಾರವೂ ಇಲ್ಲೇ ಸಿದ್ಧವಾಗಿದೆ. ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಯೋಜನೆಯಡಿ ಪಾದಚಾರಿ ಮಾರ್ಗದ ಕೆಳಗೆ ವಿದ್ಯುತ್, ನೀರು, ಕೇಬಲ್ ಪ್ರತಿಯೊಂದಕ್ಕೂ ಪ್ರತ್ಯೇಕ ಕೊಳವೆಗಳನ್ನು ಮೊದಲೇ ಹಾಸಲಾಗಿದೆ. ಹೊಸ ಕೇಬಲ್ ಬೇಕಾದರೆ ರಸ್ತೆ ಅಗೆಯಬೇಕಿಲ್ಲ, ಮುಚ್ಚಳ ತೆಗೆದು ತೂರಿಸಿದರಾಯಿತು. ಪ್ರತಿ ಕಿಲೋಮೀಟರಿಗೆ ತಗಲುವ ಹಣದ ಬಗ್ಗೆ ಟೀಕೆ ಬಂದಿತ್ತು. ಪದೇ ಪದೇ ಅಗೆದು ಮುಚ್ಚುವ ಡಾಂಬರು, ಪೋಲಾದ ನೀರು, ಸತ್ತ ಮರ ಇವುಗಳ ಬೆಲೆಯನ್ನು ಆ ಟೀಕೆಯಲ್ಲಿ ಎಣಿಸಿರಲಿಲ್ಲ.

ಹಳೆಯ ಉಪಕರಣಗಳ ಕತೆಯನ್ನು ಚುಟುಕಾಗಿ ಹೇಳಬಹುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪತ್ತಿಯಾಯಿತು. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರ ಶೇ 22.3 ಮಾತ್ರ. ನಗರವೆಲ್ಲ ಹೊಸ ಮೀಟರ್ ಹಾಕಿಸುವಾಗ ಕಿತ್ತ ಹಳೆಯ ಮೀಟರುಗಳು ಎಲ್ಲಿಗೆ ಹೋಗುತ್ತವೆ ಎಂಬುದೂ ಟೆಂಡರಿನ ಷರತ್ತಾಗಿರಬೇಕು.

ಇಲ್ಲೊಂದು ಮಾತನ್ನು ನಡುವೆ ಸೇರಿಸುವುದು ಉಚಿತ. ಬೆಂಗಳೂರಿನ ಮನೆಗಳಲ್ಲಿ ಬಹುಶಃ ಅತಿ ಹೆಚ್ಚು ವಿದ್ಯುತ್ತನ್ನು ಉಳಿಸಿದ ಸಾಧನಕ್ಕೆ ಇಂಟರ್‌ನೆಟ್ ಸಂಪರ್ಕವೇ ಇಲ್ಲ. ಅದು ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್. ನಿರ್ದಿಷ್ಟ ಅಳತೆ ಮೀರಿದ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದ ನಿಯಮ ಮತ್ತು ಕರೆಂಟ್ ಬಿಲ್ಲಿನಲ್ಲಿ ಸಿಗುತ್ತಿದ್ದ ಸಣ್ಣ ರಿಯಾಯಿತಿ, ಇವೆರಡು ಸೇರಿ ಬೆಳಗಿನ ಗೀಸರ್ ಬೇಡಿಕೆಯನ್ನು ಗ್ರಿಡ್ಡಿನಿಂದ ಇಳಿಸಿದವು. ಸ್ಮಾರ್ಟ್ ಎಂಬ ವಿಶೇಷಣ ಅಂಟಿಲ್ಲದ್ದರಿಂದ ನಗರ ಯೋಜನೆಯ ಸಭೆಗಳಲ್ಲಿ ಅದರ ಹೆಸರೇ ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಕೊನೆಗೆ ಆಡಳಿತದ ನಕ್ಷೆ. ಬೆಂಗಳೂರಿನ ಒಂದು ಮನೆಗೆ ಬೆಸ್ಕಾಂ ಕೊಟ್ಟ ಆರ್‌ಆರ್ ಸಂಖ್ಯೆ ಒಂದು, ಜಲಮಂಡಳಿ ಕೊಟ್ಟ ಆರ್‌ಆರ್ ಸಂಖ್ಯೆ ಇನ್ನೊಂದು, ಆಸ್ತಿ ತೆರಿಗೆಯ ಪಿಐಡಿ ಸಂಖ್ಯೆ ಮತ್ತೊಂದು. ಮೂರಕ್ಕೂ ಪರಸ್ಪರ ಪರಿಚಯ ಅಷ್ಟಕ್ಕಷ್ಟೇ. ಬೆಸ್ಕಾಂ ತನ್ನ ಲೆಕ್ಕವನ್ನು ಫೀಡರ್ (ಉಪಕೇಂದ್ರದಿಂದ ಬಡಾವಣೆಗಳಿಗೆ ಹೋಗುವ ವಿದ್ಯುತ್ ಮಾರ್ಗ) ಪ್ರಕಾರ ಇಡುತ್ತದೆ, ಜಲಮಂಡಳಿ ತನ್ನ ವಲಯದ ಪ್ರಕಾರ, ಪಾಲಿಕೆ ವಾರ್ಡಿನ ಪ್ರಕಾರ, ಬಿಎಂಟಿಸಿ ಡಿಪೋ ಮತ್ತು ಮಾರ್ಗದ ಪ್ರಕಾರ. ಜಯನಗರದ ಒಂದು ಬ್ಲಾಕು ಕಳೆದ ವರ್ಷಕ್ಕಿಂತ ಈ ವರ್ಷ ಹಸಿರಾಗಿದೆಯೇ ಎಂದು ಯಾರಾದರೂ ಕೇಳಿದರೆ ಉತ್ತರಿಸಬಲ್ಲ ಕಚೇರಿ ಇಲ್ಲ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿರುವುದರಿಂದ ಗಡಿಗಳನ್ನು ಹೇಗೂ ಹೊಸದಾಗಿ ಎಳೆಯಲಾಗಿದೆ. ನೀರಿನ ವಲಯ, ವಿದ್ಯುತ್ ಫೀಡರ್ ಮತ್ತು ವಾರ್ಡುಗಳ ಅಂಚುಗಳು ಸಾಧ್ಯವಾದಷ್ಟು ಒಂದರ ಮೇಲೊಂದು ಕೂರುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಬೇಗ ಸಿಗದು, ಆ ಕೆಲಸಕ್ಕೆ ಒಂದು ಮೀಟರ್ ಕೇಬಲ್ಲೂ ಬೇಕಿಲ್ಲ. ಮನೆಮನೆಯ ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸಿದರೆ ಯಾರು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ ಎಂಬುದೂ ಬಯಲಾಗುತ್ತದೆ, ಆದ್ದರಿಂದ ಜೋಡಣೆ ಬೀದಿ ಅಥವಾ ಬ್ಲಾಕಿನ ಮಟ್ಟದಲ್ಲಿ ನಿಲ್ಲಬೇಕು. ಪಂಪು ಓಡಿಸುವ, ಬಸ್ಸು ಬಿಡುವ, ದರ ಗೊತ್ತುಮಾಡುವ ಕೆಲಸಗಳಿಗೆ ಅದಕ್ಕಿಂತ ಸೂಕ್ಷ್ಮವಾದ ವಿವರ ಬೇಕಾಗುವುದೂ ಇಲ್ಲ.